ಬಿಚ್ಚಿ ಕಟ್ಟುವ ಪುರುಸೊತ್ತು

ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವವರಲ್ಲಿ ಎರಡು ಪಂಗಡ. ಚಪ್ಪಲಿ ಬಿಚ್ಚಲಿಕ್ಕೆ ಬರುವವರು ಒಂದು, ಬೂಟು ಕಟ್ಟಲಿಕ್ಕೆ ಬರುವವರು ಇನ್ನೊಂದು. ಮೊದಲಿನವರಿಗೆ ಆಶ್ಲೇಷಾ ಬಲಿಯ ರಶೀದಿಯ ಚಿಂತೆ, ಎರಡನೆಯವರಿಗೆ ಕುಮಾರ ಪರ್ವತದ್ದು. ಬೆಂಗಳೂರಿನ ರಾತ್ರಿ ಬಸ್ಸುಗಳು ಇಬ್ಬರನ್ನೂ ಬೆಳಗಿನ ಜಾವ ಒಟ್ಟಿಗೇ ತಂದು ಸುರಿಯುತ್ತವೆ. ಎರಡನೆಯ ಪಂಗಡದವರು ಅಲ್ಲೇ ಯಾವುದಾದರೂ ಕಟ್ಟೆ ಹಿಡಿದು, ಕಾಲು ಮುಂದಿಟ್ಟು, ಲೇಸಿನ ಎರಡು ತುದಿ ಹಿಡಿದು ಜಗ್ಗುವ ಜಗ್ಗಾಟ ನೋಡಬೇಕು. ಕೊಟ್ಟಿಗೆಯಲ್ಲಿ ತಪ್ಪಿಸಿಕೊಳ್ಳುವ ಕರುವನ್ನು ಕಟ್ಟಿದ ಹಾಗೆ. ಜಗ್ಗಿ, ಗಂಟು ಹಾಕಿ, ಅದರ ಮೇಲೆ ಇನ್ನೊಂದು ಗಂಟು ಹಾಕಿದರೆ ಮುಗಿಯಿತು. ಇನ್ನು ಆ ಬೂಟನ್ನು ಬಿಚ್ಚುವುದು ಪರ್ವತ ಹತ್ತಿ ಇಳಿದು ಬಂದ ಮೇಲೆಯೇ.

ಪರ್ವತ ಇದ್ದಲ್ಲೇ ಉಂಟು, ಅದರ ಬುಡದ ತಾಲೂಕು ಮಾತ್ರ ಬದಲಾಯಿತು. ಮೊದಲು ಸುಳ್ಯ, ಈಗ ಕಡಬ. ತುದಿ ಮುಟ್ಟಿ ಆಚೆ ನೋಡಿದರೆ ಕೊಡಗಿನ ಸೋಮವಾರಪೇಟೆ. ಪುತ್ತೂರಿನವರಾದ ನಮಗೆ ಇದರಲ್ಲಿ ಅಂಗುಲದ ಪಾಲೂ ಇಲ್ಲ. ಆದರೂ ಪರ್ವತದ ವಿಷಯ ಬಂದಾಗ ಮಾತಾಡುವ ಹಕ್ಕು ನಮ್ಮದೇ ಎಂದು ನಾವು ತಿಳಿದಿದ್ದೇವೆ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1943ರಲ್ಲೇ ‘ಬೆಟ್ಟದ ಜೀವ’ ಬರೆದು ಆ ತಪ್ಪಲನ್ನು ನಮ್ಮ ಖಾತೆಗೆ ಹಾಕಿಕೊಟ್ಟಿದ್ದಾರಲ್ಲ! ಆ ಕಾದಂಬರಿಯಲ್ಲಿ ಜನ ಕಾಡು ಗುಡ್ಡ ಹತ್ತುವುದೇನು, ಇಳಿಯುವುದೇನು. ಯಾರೊಬ್ಬರೂ ಲೇಸು ಕಟ್ಟಲಿಕ್ಕೆಂದು ನಿಂತದ್ದು ನನಗೆ ನೆನಪಿಲ್ಲ.

ನಿಲ್ಲಬೇಕಾದವರು ಈಗಿನವರು. 1712 ಮೀಟರ್ ಎತ್ತರದ ತುದಿಗೆ ಬುಡದಿಂದ ಸಾವಿರದೈನೂರು ಮೀಟರಿಗೂ ಮಿಕ್ಕಿ ಏರಬೇಕು. ದಾರಿ ಒಂದೇ ತರ ಇಲ್ಲ. ಗಿರಿಗದ್ದೆಯ ತನಕ ದಟ್ಟ ಕಾಡು, ಬೇರು, ಕಲ್ಲು. ಆಮೇಲೆ ಬೋಳು ಹುಲ್ಲುಗುಡ್ಡ, ಕಲ್ಲುಮಂಟಪ. ಶೇಷ ಪರ್ವತ ದಾಟಿದ ಮೇಲೆ ಪುನಃ ಕಾಡು, ನಡುವೆ ಕೈಯೂರಿ ಹತ್ತಬೇಕಾದ ಬಂಡೆ. ಇಷ್ಟಕ್ಕೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಹಾಕಿದ ಒಂದೇ ಗಂಟು!

ಏರುವಾಗ ಮೊಣಕಾಲಿನಿಂದ ಕೆಳಗಿನ ಭಾಗ ಮುಂದಕ್ಕೆ ಬಾಗಬೇಕು. ಬೂಟಿನ ಮೇಲ್ತುದಿಯ ಕೊಕ್ಕೆಗಳಲ್ಲಿ ಲೇಸು ಬಿಗಿಯಾಗಿದ್ದರೆ ಅದು ಬಾಗಲಿಕ್ಕೆ ಬಿಡುವುದಿಲ್ಲ, ಮೀನಖಂಡ ಸುಮ್ಮನೆ ದುಡಿದು ಸೋಲುತ್ತದೆ. ಹಾಗಾಗಿ ಮೇಲೆ ಸಡಿಲ. ಪಾದದ ಬೆನ್ನಿನ ಮೇಲೆ, ಅಂದರೆ ಕಾಲು ಮಡಚುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಬಿಗಿ. ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಹಿಮ್ಮಡಿ ಎದ್ದು ಕೂತು ಉಜ್ಜಿ ಬೊಕ್ಕೆ ಏಳುತ್ತದೆ. ಬೆರಳಿನ ಹತ್ತಿರ ಮತ್ತೆ ಸಡಿಲ, ಯಾಕೆಂದರೆ ನಡೆದಂತೆ ಪಾದ ಊದುತ್ತದೆ. ಒಂದೇ ಲೇಸು ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ನಿಲ್ಲುವುದು ಹೇಗೆ? ಎರಡು ಎಳೆಗಳನ್ನು ಒಂದರ ಸುತ್ತ ಒಂದನ್ನು ಒಂದು ಸುತ್ತಿನ ಬದಲು ಎರಡು ಸುತ್ತು ಹೊಸೆದು ಎಳೆದರೆ ಸಾಕು. ಅಲ್ಲಿಗೆ ಅದು ಕಚ್ಚಿ ನಿಲ್ಲುತ್ತದೆ, ಕೆಳಗಿನ ಬಿಗಿ ಮೇಲಕ್ಕೆ ಸರಿಯುವುದಿಲ್ಲ. ಗಾಯಕ್ಕೆ ಹೊಲಿಗೆ ಹಾಕುವ ಡಾಕ್ಟರರು ಹಾಕುವುದೂ ಇದೇ ಗಂಟು.

ಬಂಡೆ ಬಂದಾಗ ಲೆಕ್ಕ ತಲೆಕೆಳಗು. ಅಲ್ಲಿ ಬೂಟಿನ ಮೂತಿಯ ಅಂಚನ್ನು ಬೆರಳಗಲದ ಸಂದಿಗೆ ಇಟ್ಟು ಮೈಭಾರ ಹಾಕಬೇಕು. ಬೆರಳು ಒಳಗೆ ಓಡಾಡುತ್ತಿದ್ದರೆ ಬೂಟು ಒಂದು ಕಡೆ, ಕಾಲು ಇನ್ನೊಂದು ಕಡೆ. ಬಂಡೆ ಹತ್ತುವವರಿಗೆಂದೇ ಹೊಲಿದ ಬೂಟುಗಳಲ್ಲಿ ಲೇಸಿನ ತೂತುಗಳು ಹೆಬ್ಬೆರಳಿನವರೆಗೂ ಇಳಿದಿರುವುದು ಇದಕ್ಕೇ. ನಮ್ಮಲ್ಲಿ ಬರುವವರ ಬೂಟು ಅಂಥದ್ದಲ್ಲ. ಇದ್ದುದನ್ನೇ ಮುಂಭಾಗದಿಂದ ಒಂದೊಂದೇ ಎಳೆ ಎಳೆದು ಬಿಗಿ ಮಾಡಿಕೊಳ್ಳಬೇಕು. ಅದಕ್ಕೆ ಪುರುಸೊತ್ತು ಬೇಕು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಸೇರಿದ ಜನಸಂದಣಿಯ ವಿಡಿಯೊ ಊರೆಲ್ಲ ಓಡಾಡಿತು. ಜಾತ್ರೆಯ ಸಾಲೇ ಗುಡ್ಡ ಹತ್ತಿದಂತಿತ್ತು. ಆ ಸಾಲಿನಲ್ಲಿ ಒಬ್ಬ ಲೇಸು ಕಟ್ಟಲು ಬಗ್ಗಿದ್ದರೆ ಹಿಂದಿನವನು ಅವನ ಬೆನ್ನಿನ ಮೇಲೇ ಹತ್ತಿ ಹೋಗುತ್ತಿದ್ದ. ಈಗ ಅನುಮತಿ ಆನ್‌ಲೈನಿನಲ್ಲಿ, ಲೆಕ್ಕದ ತಲೆ. ಬಗ್ಗುವವರಿಗೆ ಒಳ್ಳೆಯದಾಯಿತು.

ಲೇಸು ತಾನಾಗಿ ಬಿಚ್ಚುವುದರ ಬಗ್ಗೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ತಲೆ ಕೆಡಿಸಿಕೊಂಡು 2017ರಲ್ಲಿ ಒಂದು ಪ್ರಬಂಧವನ್ನೇ ಬರೆದಿದ್ದಾರೆ. ಹಿಮ್ಮಡಿ ನೆಲಕ್ಕೆ ಬಡಿದಾಗೆಲ್ಲ ಗಂಟು ಹಿಗ್ಗಿ ಕುಗ್ಗಿ ಸಡಿಲವಾಗುತ್ತದಂತೆ; ಕಾಲು ಬೀಸಿದಾಗ ಜೋತುಬಿದ್ದ ತುದಿಗಳು ಚಾಟಿಯ ಹಾಗೆ ಹಾರಿ, ಸಡಿಲವಾದ ಗಂಟನ್ನು ಎಳೆಯುತ್ತವಂತೆ. ಎರಡೂ ಕೂಡಿದರೆ ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯಿತು. ನಿಮ್ಮ ಗಂಟು ಗಟ್ಟಿಯೋ ಪೊಳ್ಳೋ ಎಂದು ತಿಳಿಯಲು ಬರ್ಕ್ಲಿಗೆ ಹೋಗಬೇಕಿಲ್ಲ. ಕಟ್ಟಿದ ಮೇಲೆ ಲೇಸಿನ ಎರಡು ಕಿವಿಗಳು ಪಾದಕ್ಕೆ ಅಡ್ಡಲಾಗಿ ಕೂತರೆ ಗಟ್ಟಿ. ಒಂದು ಬೆರಳಿನ ಕಡೆಗೂ ಒಂದು ಹಿಮ್ಮಡಿಯ ಕಡೆಗೂ ತಿರುಗಿದರೆ ಪೊಳ್ಳು. ಮೊದಲ ಸುತ್ತನ್ನು ಉಲ್ಟಾ ಹಾಕಿದರೆ ಸರಿಯಾಗುತ್ತದೆ. ಮದುವೆ ಮನೆಯ ಹೊರಗೆ ಬಿಚ್ಚಿಟ್ಟ ಬೂಟುಗಳನ್ನು ನೋಡಿ ಇದನ್ನು ಪರೀಕ್ಷಿಸಲು ಹೋಗಬೇಡಿ, ಜನ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ.

ಉಂಬಳದ ವಿಷಯ ಹೇಳದೆ ಈ ಕಾಡಿನ ಬೂಟಿನ ಪುರಾಣ ಪೂರ್ತಿಯಾಗದು. ಬೂಟಿನ ನಾಲಿಗೆಯ ಪಕ್ಕ, ಲೇಸಿನ ಸಂದಿಯಲ್ಲಿ, ಕಾಲ್ಚೀಲದ ನೇಯ್ಗೆಯಲ್ಲಿ ಅದಕ್ಕೆ ರಾಜಮಾರ್ಗ ಉಂಟು. ಸುಣ್ಣ, ಹೊಗೆಸೊಪ್ಪು, ಉಪ್ಪು ಎಂದು ಒಬ್ಬೊಬ್ಬರದು ಒಂದೊಂದು ಮದ್ದು. ಲೇಸು ಎಷ್ಟು ಬಿಗಿದರೂ ಉಂಬಳಕ್ಕೆ ತಡೆಯಿಲ್ಲ. ಕಾಲಿಗೆ ಹತ್ತಿದ ಮೇಲೆ ಮಾತ್ರ ಆ ಡಬಲ್ ಗಂಟು ಬಿಚ್ಚಲು ಬೆರಳು ನಡುಗುತ್ತದೆ.

ಬಿಚ್ಚಿ ಕಟ್ಟುವ ವಿದ್ಯೆಯಲ್ಲಿ ನಮ್ಮೂರಿನ ಪಳಗಿದವರು ಪರ್ವತದಲ್ಲಿಲ್ಲ, ಅಡಿಕೆ ತೋಟದಲ್ಲಿದ್ದಾರೆ. ನಮ್ಮಲ್ಲಿ ಕೊಯ್ಲಿಗೂ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲಿಕ್ಕೂ ಬರುವವರು ಬೈಕಿನಲ್ಲಿ ಬರುತ್ತಾರೆ, ಕೂಲಿಯನ್ನು ಫೋನಿಗೇ ಹಾಕಿಸಿಕೊಳ್ಳುತ್ತಾರೆ. ಅವರ ಪಾದರಕ್ಷೆ ಎಂದರೆ ಒಂದು ತಳೆ, ಹಗ್ಗದ ಒಂದು ಬಳೆ. ಅದನ್ನು ಎರಡೂ ಪಾದಗಳಿಗೆ ಸೇರಿಸಿ ಸಿಕ್ಕಿಸಿ, ಅಂಗಾಲುಗಳಿಂದ ಮರವನ್ನು ಒತ್ತಿ ಹಿಡಿದು ಜಿಗಿಯುತ್ತಾರೆ. ತಳೆ ಚಿಕ್ಕದಾದರೆ ಪಾದ ಮರದ ಪಕ್ಕಗಳನ್ನು ತಬ್ಬುವುದಿಲ್ಲ, ದೊಡ್ಡದಾದರೆ ಹಿಡಿತ ಸಿಗುವುದಿಲ್ಲ. ಮರದ ಬುಡದಲ್ಲಿ ನಿಂತು ಅವರು ತಳೆಯನ್ನು ಒಮ್ಮೆ ಹಿಂಡಿ, ಪಾದದಲ್ಲಿ ತಿರುಗಿಸಿ, ನೆಲದ ಮೇಲೆಯೇ ಅರ್ಧ ಜಿಗಿದು ನೋಡುವುದು ಅದಕ್ಕೇ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಹತ್ತುವವರು ಕಮ್ಮಿಯಾಗುತ್ತಿದ್ದಾರೆ, ನೆಲದಲ್ಲಿ ನಿಂತೇ ಕೊಯ್ಲು. ಕಾಲು ಬಚಾವು, ಕುತ್ತಿಗೆಗೆ ನೋವು.

ಇಳಿಯುವುದರ ಬಗ್ಗೆ ಒಂದು ಮಾತು, ಯಾಕೆಂದರೆ ಉಗುರು ಹೋಗುವುದು ಇಳಿಯುವಾಗಲೇ. ಏರುವಾಗ ಸಡಿಲ ಬಿಟ್ಟದ್ದನ್ನು ಹಾಗೆಯೇ ಇಟ್ಟು ಇಳಿದರೆ ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಮೂತಿಗೆ ಗುದ್ದುತ್ತದೆ. ವಾರ ಕಳೆಯುವುದರೊಳಗೆ ಉಗುರು ನೇರಳೆ ಹಣ್ಣಿನ ಬಣ್ಣ. ಮೇಲಿನಿಂದ ಹೊರಡುವ ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದೆ ಕೂರಿಸಬೇಕು. ಎರಡೂ ಕಡೆಯ ಲೇಸನ್ನು ಅದದೇ ಕಡೆಯ ಮೇಲಿನ ಕೊಕ್ಕೆಗೆ ನೇರ ಏರಿಸಿದರೆ ಪಕ್ಕದಲ್ಲಿ ಒಂದೊಂದು ಕುಣಿಕೆ ಆಗುತ್ತದೆ. ಬಲದ ತುದಿಯನ್ನು ಎಡದ ಕುಣಿಕೆಗೂ ಎಡದ್ದನ್ನು ಬಲದ್ದಕ್ಕೂ ತೂರಿಸಿ ಎಳೆದರೆ ಪಾದ ಬೂಟಿನ ಹಿಂಭಾಗಕ್ಕೆ ಅಂಟಿ ಕೂರುತ್ತದೆ. ಈಗ ಮೇಲಿನ ಕೊಕ್ಕೆಯೂ ಬಿಗಿಯಾಗಲಿ.

ನನ್ನ ಅಕ್ಕನ ಮಗ ಬೆಂಗಳೂರಿನಿಂದ ಬಂದು ಪರ್ವತ ಹತ್ತಿ ಇಳಿದು, ಪುತ್ತೂರಿನ ನಮ್ಮ ಮನೆಯ ಅಂಗಳದಲ್ಲಿ ಬೂಟು ಒಣಗಲಿಕ್ಕೆ ಇಟ್ಟಿದ್ದ. ಮದ್ದು ಬಿಡಲಿಕ್ಕೆ ಬಂದಿದ್ದವರು ಚಾ ಕುಡಿಯುತ್ತಾ ಅದರ ಒಂದು ಲೇಸನ್ನು ಪೂರ್ತಿ ಎಳೆದು ತೆಗೆದರು, ಬೆರಳಲ್ಲಿ ಉಜ್ಜಿದರು, ಕೈಗೆ ಸುತ್ತಿ ಜಗ್ಗಿದರು.

“ಇದು ಜಾರ್ತದೆ ಅಣ್ಣ, ನುಣ್ಪು.”

“ಅದು ಇಂಪೋರ್ಟೆಡ್ ಅಣ್ಣ,” ಎಂದ ಇವನು.

“ಆಗಿರ್ಬಹುದು. ಒಂದು ಕಾಲಿಗೆ ಇಷ್ಟು ಉದ್ದ ಎಂತಕ್ಕೆ? ಇದರಲ್ಲಿ ನಂಗೆ ಎರಡು ತಳೆ ಆಗ್ತಿತ್ತು.”

ಅಕ್ಕನ ಮಗನಿಗೆ ಹುಮ್ಮಸ್ಸು ಬಂತು. ತಳೆ ಹಾಕಿಕೊಂಡು ಅಂಗಳದ ಬದಿಯ ಮರಕ್ಕೆ ಜೋತುಬಿದ್ದ. ಒಂದು ಮೊಳ ಏರಿದ, ಅಲ್ಲಿಯೇ ನಿಂತ, ಹತ್ತಲೂ ಆಗದೆ ಇಳಿಯಲೂ ಆಗದೆ ಮರವನ್ನು ಅಪ್ಪಿಕೊಂಡು ನನ್ನ ಕಡೆ ನೋಡಿದ. ಅವರು ಚಾದ ಲೋಟ ಕೆಳಗಿಟ್ಟು, ಲೇಸನ್ನು ಬೂಟಿನ ಮೇಲೆ ಇಟ್ಟು, “ತಳೆ ನಿಮ್ಮ ಅಳತೆದು ಅಲ್ಲ, ನನ್ನದು. ಬನ್ನಿ, ಬೇರೆ ಮಾಡಿಕೊಡ್ತೇನೆ” ಎಂದು ಹಗ್ಗ ಹುಡುಕಲು ಕೊಟ್ಟಿಗೆಗೆ ಹೋದರು.