ಕತ್ತಿ ಕೈಜಾರಿತು ಸಾರ್!

ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದರೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕನ ಮಗ ನಾಲ್ವರು ಗೆಳೆಯರನ್ನು ಕೂಡಿಸಿಕೊಂಡು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಡುತ್ತಿದ್ದ. ಕಥೆ ನಡೆಸುವವನು ಡಿಎಂ, ಉಳಿದವರಿಗೆ ಒಂದೊಂದು ಪಾತ್ರ. ಏಟು ಬಿತ್ತೋ ತಪ್ಪಿತೋ ಹೇಳಲು ಇಪ್ಪತ್ತು ಮುಖದ ದಾಳ. ಬೋಂಡಾ ಬೆಂದಿತೆಂದು ಎಲ್ಲರೂ ಅಡುಗೆಮನೆಗೆ ಎದ್ದು ಹೋದಾಗ ಮೇಜಿನ ಮೇಲೆ ಒಂಟಿ ಹಾಳೆಯೊಂದು ಕಣ್ಣಿಗೆ ಬಿತ್ತು. ‘ಫೈಟರ್, ಲೆವೆಲ್ 11’ ಎಂದು ಬರೆದಿತ್ತು. ಎಚ್‌ಪಿ, ಅಂದರೆ ಉಳಿದಿರುವ ಜೀವದ ಲೆಕ್ಕ ಬರೆಯುವ ಚೌಕ, ರಬ್ಬರ್ ಉಜ್ಜಿಸಿಕೊಂಡೇ ತೂತಾಗಿತ್ತು. ಪಕ್ಕದಲ್ಲಿ ವಿಝರ್ಡ್‌ನ ಕಡತ: ಒಂಬತ್ತು ಹಾಳೆ, ಮೇಲೊಂದು ಪ್ಲಾಸ್ಟಿಕ್ ಕವರು. ಮಾತಿಗೆ ಪುರುಸೊತ್ತಾಗಿದ್ದದ್ದು ಒಂಟಿ ಹಾಳೆಯೇ.

ನಾನು: ನಿಮ್ಮದು ಹಳೇ ಮನೆತನವಂತೆ?

ಹಾಳೆ: 1974 ಸಾರ್. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಬರೆದ ಆಟ ಅಮೆರಿಕದ ಲೇಕ್ ಜಿನೀವಾದಿಂದ ಹೊರಬಂದಾಗ ಇದ್ದದ್ದು ಮೂರೇ ಕಸುಬು: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಪಟ್ಟಿಯಲ್ಲಿ ನಮ್ಮದೇ ಮೊದಲ ಹೆಸರು. ಆಗ ಯಾವ ಆಯುಧ ಹಿಡಿದರೂ ಆರು ಮುಖದ ಒಂದು ದಾಳದಷ್ಟೇ ಪೆಟ್ಟು. ಚಾಕೂಗೂ ಕೊಡಲೀಗೂ ಭೇದ ಇರಲಿಲ್ಲ. ಬರೆಯೋಕೆ ಏನೂ ಇಲ್ಲ ಅಂತ ಒಂದು ಹಾಳೆ ಕೊಟ್ಟರು. ಐವತ್ತು ವರ್ಷ ಆಯ್ತು, ಇನ್ನೂ ಅದೇ ಒಂದು ಹಾಳೆ.

ನಾನು: ಈಗ ಆಯ್ಕೆಗಳು ಬಂದಿವೆಯಲ್ಲ?

ಹಾಳೆ: 2014ರ ಪುಸ್ತಕದಲ್ಲಿ ಮೂರು ದಾರಿ. ಒಂದು, ಚಾಂಪಿಯನ್. ಬೇರೆಯವರಿಗೆ ದಾಳದಲ್ಲಿ 20 ಬಿದ್ದರೆ ಮಾತ್ರ ಹಬ್ಬ, ನನಗೆ 19 ಬಿದ್ದರೂ ಹಬ್ಬ. ಮೂರನೇ ಲೆವೆಲ್‌ನಲ್ಲಿ ಸಿಗೋ ಸೌಭಾಗ್ಯ ಅಷ್ಟೇ. ಇನ್ನೊಂದು ಬ್ಯಾಟಲ್ ಮಾಸ್ಟರ್. ಅವನ ಕೈಗೆ ಎಂಟು ಮುಖದ ನಾಲ್ಕು ದಾಳ ಬೇರೆ ಕೊಡ್ತಾರೆ. ಎದುರಾಳಿಯನ್ನ ಕೆಡವಬಹುದು, ದೂಡಬಹುದು, ಆಯುಧ ಉದುರಿಸಬಹುದು. ನನ್ನ ಕೇಳಿದ್ರೆ ಜಟ್ಟಿ ಅನ್ನಿಸಿಕೊಳ್ಳೋ ಯೋಗ್ಯತೆ ಇರೋದು ಅವನಿಗೊಬ್ಬನಿಗೇ.

ನಾನು: ಮೂರನೆಯದು?

ಹಾಳೆ: ಎಲ್ಡ್ರಿಚ್ ನೈಟ್. ಎಡಬಿಡಂಗಿ! ಕತ್ತಿಯೂ ಬೇಕು, ಮಂತ್ರವೂ ಬೇಕು. ವಿಝರ್ಡ್ 5ನೇ ಲೆವೆಲ್‌ನಲ್ಲೇ ಹಾಕೋ ಫೈರ್‌ಬಾಲ್ ಇವನ ಕೈಗೆ ಬರೋದು 13ಕ್ಕೆ. ಊರೆಲ್ಲ ಉಂಡು ಕೈ ತೊಳೆದ ಮೇಲೆ ಎಲೆ ಹಾಕಿದ ಹಾಗೆ.

ನಾನು: ನೀವು ಬ್ಯಾಟಲ್ ಮಾಸ್ಟರ್ ಆಗಬಹುದಿತ್ತಲ್ಲ?

ಹಾಳೆ: ನಿಮ್ಮ ಅಕ್ಕನ ಮಗನ್ನ ಕೇಳಿ. ಆ ಪುಟ ಓದೋಕೆ ಅವನಿಗೆ ಪುರುಸೊತ್ತಿರಲಿಲ್ಲ. ನಾನು ಚಾಂಪಿಯನ್.

ನಾನು: 2008ರ ನಾಲ್ಕನೇ ಆವೃತ್ತಿಯಲ್ಲಿ ನಿಮಗೆ ಕೈತುಂಬ ಪಟ್ಟುಗಳನ್ನು ಕೊಟ್ಟಿದ್ದರಲ್ಲ?

ಹಾಳೆ: ಕೊಟ್ಟಿದ್ದರು. ದಿನಕ್ಕೊಂದು ಸಲ ಮಾಡೋದು, ಕಾಳಗಕ್ಕೊಂದು ಸಲ ಮಾಡೋದು, ಬೇಕಾದಾಗೆಲ್ಲ ಮಾಡೋದು. ‘ಇದೇನು, ಫೈಟರ್ ಕೂಡ ಮಂತ್ರ ಹಾಕ್ತಾನೆ’ ಅಂತ ಜನ ರಂಪ ಮಾಡಿದರು. ಬಡವನ ಮನೆಗೆ ಫ್ಯಾನ್ ಬಂದರೂ ಕೆಲವರಿಗೆ ಸೆಕೆ ಸಾರ್.

ನಾನು: ನಿಮ್ಮ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಏನೋ ಬರೆದಿದೆ.

ಹಾಳೆ: (ಸ್ವಲ್ಪ ಸುಮ್ಮನಿದ್ದು) ಹೌಸ್ ರೂಲ್. ‘1 ಬಿದ್ದರೆ ಕತ್ತಿ ಕೈಜಾರುತ್ತದೆ.’

(ನನಗಿದು ಹೊಸದೇನಲ್ಲ. ಚೌಕಾಬಾರ ಆಡಿ ಬೆಳೆದವರಿಗೆಲ್ಲ ಗೊತ್ತು, ಮನೆಗೊಂದು ಕಾನೂನು. ಎದುರಾಳಿಯ ಒಂದು ಕಾಯಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ ಎನ್ನುತ್ತಿದ್ದಳು ನಮ್ಮಜ್ಜಿ. ತಾನು ಸೋಲುವಾಗ ಆ ಕಾನೂನು ಅವಳಿಗೆ ನೆನಪಿರುತ್ತಿರಲಿಲ್ಲ.)

ನಾನು: ಪುಸ್ತಕ ಏನನ್ನುತ್ತದೆ?

ಹಾಳೆ: 1 ಬಿದ್ದರೆ ಏಟು ತಪ್ಪಿತು. ಅಷ್ಟೇ. ಕೈಜಾರೋದು, ಕಾಲು ಉಳುಕೋದು, ಪಕ್ಕದವನ ಕಿವಿ ಕತ್ತರಿಸೋದು, ಇವೆಲ್ಲ ಡಿಎಂಗಳ ಕರಾಮತ್ತು. ಲೆಕ್ಕ ಹಾಕಿ ನೋಡಿ. ಮೊದಲ ಲೆವೆಲ್‌ನ ಎಳಸು ಹುಡುಗ ಸರದಿಗೆ ಒಂದೇ ಏಟು ಹಾಕ್ತಾನೆ, ಕತ್ತಿ ಬೀಳೋ ಸಂಭವ ನೂರಕ್ಕೆ 5. ನಾನು 11ನೇ ಲೆವೆಲ್‌ನವ, ಮೂರು ಏಟು, ನೂರಕ್ಕೆ 14. ಆ್ಯಕ್ಷನ್ ಸರ್ಜ್ ಬಳಸಿ, ಅಂದ್ರೆ ಅದೇ ಸರದಿಯಲ್ಲಿ ಇನ್ನೊಮ್ಮೆ ನುಗ್ಗಿ, ಆರು ಏಟು ಹಾಕಿದೆ ಅಂದ್ರೆ ನೂರಕ್ಕೆ 26. ಪಳಗಿದಷ್ಟೂ ಕೈ ನಡುಗೋ ಕಸುಬು ಇನ್ನೆಲ್ಲಾದರೂ ಕಂಡಿದ್ದೀರಾ?

ನಾನು: ವಿಝರ್ಡ್‌ಗೂ ಅದೇ ರೂಲ್ ತಾನೇ?

ಹಾಳೆ: ಕಾಗದದ ಮೇಲೆ ಅದೇ. ಆದರೆ ಫೈರ್‌ಬಾಲ್ ಹಾಕೋನು ಇಪ್ಪತ್ತರ ದಾಳ ಮುಟ್ಟೋದೇ ಇಲ್ಲ. ತಪ್ಪಿಸಿಕೊಳ್ಳೋಕೆ ದಾಳ ಹಾಕಬೇಕಾದೋರು ಬೆಂಕಿಯೊಳಗಿರೋರು. ಅವನು ಆರು ಮುಖದ ಎಂಟು ದಾಳ ಚೆಲ್ಲಿ ಪೆಟ್ಟು ಎಣಿಸಿದರೆ ಮುಗೀತು. ಕೇಳಿದ್ರೆ ಡಿಎಂ ‘ನೈಜವಾಗಿರಬೇಕಲ್ವಾ’ ಅಂತಾನೆ. ಪಕ್ಕದಲ್ಲಿ ಒಬ್ಬ ಹಾರ್ತಿದ್ದಾನೆ ಸಾರ್! ರೆಕ್ಕೆ ಇಲ್ದೆ! ಅವನಿಗಿಲ್ಲದ ನೈಜತೆ ನನ್ನ ಕತ್ತಿ ಹಿಡಿಗೆ ಮಾತ್ರ.

ನಾನು: ಹೌಸ್ ರೂಲ್ ಎಲ್ಲವೂ ಕೆಟ್ಟವೇ?

ಹಾಳೆ: ಛೆ, ಹಾಗಂದ್ರೆ ಬಾಯಲ್ಲಿ ಹುಳ ಬೀಳುತ್ತೆ. ಔಷಧಿ ಸೀಸೆ ಕುಡಿಯೋಕೆ ಇಡೀ ಆ್ಯಕ್ಷನ್, ಅಂದ್ರೆ ಸರದಿಯ ಮುಖ್ಯ ಕೆಲಸವನ್ನೇ, ಹಾಳು ಮಾಡಬೇಕಿತ್ತು. ‘ಅದರ ಜೊತೆಗಿನ ಚಿಕ್ಕ ಕೆಲಸ, ಬೋನಸ್ ಆ್ಯಕ್ಷನ್ ಸಾಕು’ ಅಂತ ಎಷ್ಟೋ ಮನೆಗಳಲ್ಲಿ ರೂಢಿ ಮಾಡಿಕೊಂಡರು. 2024ರಲ್ಲಿ ಅದು ಪುಸ್ತಕಕ್ಕೇ ಸೇರಿತು. ಅದೇ ಪುಸ್ತಕದಲ್ಲಿ ಒಂದೊಂದು ಆಯುಧಕ್ಕೆ ಒಂದೊಂದು ವರಸೆಯೂ ಬಂತು. ಈ ಮನೆಗೆ ಆ ಪುಸ್ತಕ ಇನ್ನೂ ಬಂದಿಲ್ಲ.

ನಾನು: ಮತ್ತೇನಾದರೂ ದೂರು?

ಹಾಳೆ: ಒಂದು ಗಂಟೆ ಕೂತು ದಣಿವಾರಿಸಿಕೊಂಡರೆ ನನ್ನ ಆ್ಯಕ್ಷನ್ ಸರ್ಜ್ ವಾಪಸ್ ಬರುತ್ತೆ. ವಿಝರ್ಡ್‌ಗೆ ಮಂತ್ರ ಪೂರ್ತಿ ತುಂಬಿಕೊಳ್ಳೋಕೆ ರಾತ್ರಿಯ ನಿದ್ದೆಯೇ ಆಗಬೇಕು. ಹಾಗಾಗಿ ಇವರು ನಡುವೆ ಕೂರೋದೇ ಇಲ್ಲ, ಒಂದು ಕಾಳಗ ಮುಗೀತು ಅಂದ್ರೆ ಸೀದಾ ಹಾಸಿಗೆ. ಅವನ ನಿದ್ದೆಗೆ ನಾನು ಕಾವಲು.

ಹುಡುಗರು ಬೋಂಡಾ ತಟ್ಟೆ ಹಿಡಿದು ಬರುತ್ತಿದ್ದರು. ಕೊನೆಯ ಮಾತು ಕೇಳಿದೆ.

ಹಾಳೆ: ಡಿಎಂಗಳಿಗೆ ಒಂದು ಅರಿಕೆ: 1 ಬಿದ್ದರೆ ‘ತಪ್ಪಿತು’ ಅಂದು ಮುಂದಕ್ಕೆ ಹೋಗಿ. ಆಡೋರಿಗೆ ಇನ್ನೊಂದು: ಎಚ್‌ಪಿ ಬರೆಯೋವಾಗ ಪೆನ್ಸಿಲ್ ಒತ್ತಬೇಡಿ. ಮತ್ತೆ, ಎಣ್ಣೆ ಕೈ ಒರೆಸಿಕೊಂಡು ಮುಟ್ಟಿ.