ಒಣ ತಾಲೀಮು

2021ರ ಜನವರಿ 8ರಂದು ರಾಜ್ಯದ ಎಲ್ಲಾ ಜಿಲ್ಲೆಗಳಲ್ಲೂ ಕೊರೋನಾ ಲಸಿಕೆಯ ‘ಡ್ರೈ ರನ್’ ನಡೆಯಿತು. ಪೇಪರು ಹಿಡಿದು ಕೂತಿದ್ದ ನಮ್ಮ ಯಲಬುರ್ಗಾದ ಕಾಕಾ ಕೇಳಿದ: “ಒಣಾ ಓಡೂದು ಅಂದ್ರೇನೋ ತಮ್ಮಾ?”

“ಹೆಸರು ಕರೀತಾರ, ಗುರುತಿನ ಚೀಟಿ ನೋಡ್ತಾರ, ಅರ್ಧ ತಾಸು ಕುಂದ್ರಸ್ತಾರ. ಲಸಿಕೆ ಒಂದು ಇರಂಗಿಲ್ಲ” ಅಂದೆ.

“ಅಂದ್ರ ನಮ್ಮೂರ ನಳ ಇದ್ದಂಗ ಅನ್ನು. ಪೈಪ ಐತಿ, ನಳ ಐತಿ, ಪಾಳಿ ಹಚ್ಚಿದ ಕೊಡ ಅದಾವು. ನೀರೊಂದಿಲ್ಲ.”

ಕಾಕಾ ಬೇರಿಗೇ ಕೈ ಹಾಕಿದ್ದ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಬೆಂಕಿ ಆರಿಸುವವರು ನೀರು ಬಿಡದೆ ಬರೀ ಪೈಪು ಎಳೆದುಕೊಂಡು ಓಡಿ ಅಭ್ಯಾಸ ಮಾಡುತ್ತಿದ್ದರು. ಅದಕ್ಕೇ ಡ್ರೈ ರನ್. ನೀರು ಹಾಯಿಸಿದರೆ ವೆಟ್ ರನ್. ನಮ್ಮ ಕೊಪ್ಪಳ ಜಿಲ್ಲೆ ಇವೆರಡನ್ನೂ ತಾಲೂಕುವಾರು ಹಂಚಿಕೊಂಡಿದೆ. ಎಡದಂಡೆ ಕಾಲುವೆಯ ಗಂಗಾವತಿಯಲ್ಲಿ ಭತ್ತ; ಮುಗಿಲು ನೋಡುವ ಕುಷ್ಟಗಿ, ಯಲಬುರ್ಗಾದಲ್ಲಿ ಸಜ್ಜೆ, ಜೋಳ. ನಿಜಾಮರ ಆಳ್ವಿಕೆ 1948ಕ್ಕೆ ಮುಗಿದರೂ ಒಣಭೂಮಿಗೆ ‘ಖುಷ್ಕಿ’ ಎನ್ನುವ ಪಾರ್ಸಿ ಮಾತು ಪಹಣಿ ಬಿಟ್ಟು ಹೋಗಲಿಲ್ಲ. ಹುಡುಗನಿದ್ದಾಗ ನಾನದನ್ನು ‘ಖುಷಿ’ ಎಂದೇ ಓದಿ, ನಮ್ಮ ನಾಲ್ಕೆಕರೆ ಭಾರೀ ಸಂತೋಷದಲ್ಲಿದೆ ಅಂದುಕೊಂಡಿದ್ದೆ.

ಕನ್ನಡದಲ್ಲೂ ಒಣ ಅಂದರೆ ಹುರುಳಿಲ್ಲದ್ದು: ಒಣ ಜಂಭ, ಒಣ ಹರಟೆ, ಒಣ ಉಪಚಾರ. ಆದರೆ ಅಡುಗೆಮನೆ ಈ ಮಾತು ಒಪ್ಪುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ದಾಸೋಹಕ್ಕೆ ಬರುವ ಜೋಳದ ರೊಟ್ಟಿ ನೋಡಿ. ವಾರಗಟ್ಟಲೆ ಮೊದಲೇ ಬಡಿದು, ಒಣಗಿಸಿ, ಗಾಡಿ ತುಂಬಿ ತರುತ್ತಾರೆ. ಮುರಿದರೆ ಕಟಕ್ ಅನ್ನಬೇಕು. ಮೆತ್ತಗಿದ್ದರೆ ಮರುದಿನಕ್ಕೆ ಬೂಸಲು.

ಇಂಗ್ಲಿಷ್ ರಂಗಭೂಮಿಯಲ್ಲಿ ನಟ ಮಾತು ಮರೆತರೆ ಅವನು ‘ಒಣಗಿದ’ ಅನ್ನುತ್ತಾರೆ. ಇದನ್ನು ನಾನು ನಿಘಂಟು ತೆಗೆಯುವುದಕ್ಕಿಂತ ಮೊದಲೇ ಕಲಿತಿದ್ದೆ. ನಮ್ಮೂರ ನಾಟಕದಲ್ಲಿ ನನ್ನದು ಹವಾಲ್ದಾರನ ಪಾತ್ರ, ಇದ್ದದ್ದು ಒಂದೇ ಮಾತು: “ಗೌಡ್ರ, ಕೊಲಿ ಆಗೇತ್ರಿ!” ಒಂದು ತಿಂಗಳು ತಾಲೀಮು. ಅರಬ್ಬಿಯಲ್ಲಿ ತಾಲೀಮು ಅಂದರೆ ಪಾಠ. ನಮ್ಮ ಕಡೆ ಪೈಲ್ವಾನರ ಗರಡಿಗೂ ಅದೇ ಹೆಸರು. ಪೇಟಿ ಮಾಸ್ತರರು ಎರಡೂ ಅರ್ಥ ಸೇರಿಸಿಯೇ ಕಲಿಸಿದರು.

ನಾಟಕದ ರಾತ್ರಿ ಪರದೆ ಸರಿಯಿತು, ಊರೆಲ್ಲ ಎದುರಿಗೆ. ನಾಲಿಗೆ ಅಂಗಳಕ್ಕೆ ಅಂಟಿತು. ಸೈಡ್‌ವಿಂಗಿನಿಂದ ಮಾಸ್ತರರು “ಕೊ... ಕೊ...” ಅಂದದ್ದಷ್ಟೇ ಕೇಳಿಸಿತು.

“ಗೌಡ್ರ, ಕೋಳಿ ಆಗೇತ್ರಿ!”

ಗೌಡನ ಪಾತ್ರದವನು ಪಳಗಿದ ಕುಳ. ಮೀಸೆಯ ಮೇಲಿನ ಕೈ ತೆಗೆಯದೆ, “ಹಂಗಾರ ರೊಟ್ಟಿ ಬಡೀಲಿಕ್ಕೆ ಹೇಳು” ಅಂದ. ಜನ ‘ಒನ್ಸ್ ಮೋರ್’ ಕೂಗಿದರು. ಕೊಲೆ ಎರಡನೇ ಸಲವೂ ಕೋಳಿಯೇ ಆಯಿತು.

ಮರುವರ್ಷ ಮಾಸ್ತರರು ನಾಟಕದ ವಹಿಯಲ್ಲೇ ‘ಕೊಲಿ’ ಹೊಡೆದು ‘ಕೋಳಿ’ ಎಂದು ಬರೆದರು. ಹವಾಲ್ದಾರನ ಪಾತ್ರ ಮಾತ್ರ ಬೇರೆಯವನಿಗೆ ಹೋಯಿತು.