ಡ್ಯುಯಲ್ ಬೂಟ್ ಭಾವ

ಕಂಪ್ಯೂಟರ್ ಇರುವ ಮನೆಗೆಲ್ಲ ಒಬ್ಬರು ಭಾವ ಇರುತ್ತಾರೆ. ಕೆಲಸ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ. ಮನಸ್ಸು ಮಾತ್ರ ಸದಾ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ. ಹಬ್ಬಕ್ಕೆ ಮಾವನ ಮನೆಗೆ ಬರುವಾಗ ಒಂದು ಕೈಯಲ್ಲಿ ಹಣ್ಣಿನ ಚೀಲ, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. ಎಲ್ಲರ ಆರೋಗ್ಯ ವಿಚಾರಿಸಿಯಾದ ಮೇಲೆ ದೃಷ್ಟಿ ಮೂಲೆಯ ಕಂಪ್ಯೂಟರಿನತ್ತ ಹೊರಳುತ್ತದೆ. “ಸ್ವಲ್ಪ ಸ್ಲೋ ಆಗಿದೆ ಅಲ್ವಾ ಮಾವ?”

ಮಾವನವರಿಗೆ ಹಾಗೇನೂ ಅನ್ನಿಸಿರುವುದಿಲ್ಲ. ತಿಂಗಳಿಗೊಮ್ಮೆ ಕರೆಂಟ್ ಬಿಲ್ ಕಟ್ಟುತ್ತಾರೆ, ಬೇಸರವಾದಾಗ ಮೊಮ್ಮಗಳ ಫೋಟೊ ನೋಡುತ್ತಾರೆ. ಆದರೆ ಅಳಿಯಂದಿರ ಮಾತಿಗೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚಿಕೊಳ್ಳುತ್ತದೆ. ಒಳಗಿನ ಧೂಳು ಕಂಡು ಭಾವ “ಅಯ್ಯಯ್ಯೋ” ಅಂದದ್ದನ್ನು ಅತ್ತೆ ತಮ್ಮ ಮನೆಗೆಲಸಕ್ಕೇ ಅಂದದ್ದೆಂದು ತಿಳಿದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಬಾಮೈದನಿಗೆ ಟಾರ್ಚ್ ಹಿಡಿಯುವ ಕೆಲಸ.

ಭಾವನವರ ಯೋಜನೆ ದೊಡ್ಡದು. ಎರಡು ಹಾರ್ಡ್ ಡಿಸ್ಕ್ ಸೇರಿಸಿ ಸ್ಟ್ರೈಪ್ ಮಾಡುವುದು, ಅದರ ಮೇಲೆ ವಿಂಡೋಸ್, ಲಿನಕ್ಸ್ ಎರಡನ್ನೂ ಕೂರಿಸುವುದು. “ರಾಮಾಯಣದ ಬೆಸ ಪುಟಗಳನ್ನೆಲ್ಲ ಒಂದು ಪುಸ್ತಕದಲ್ಲಿ, ಸಮ ಪುಟಗಳನ್ನೆಲ್ಲ ಇನ್ನೊಂದರಲ್ಲಿ ಹೊಲಿದ ಹಾಗೆ ಅತ್ತೆ. ಇಬ್ಬರು ಒಟ್ಟಿಗೆ ಓದಿದರೆ ಅರ್ಧ ಹೊತ್ತಿಗೆ ಪಟ್ಟಾಭಿಷೇಕ.”

“ಒಂದು ಪುಸ್ತಕಕ್ಕೆ ಗೆದ್ದಲು ಹಿಡಿದರೆ?” ಅತ್ತೆ ಕೇಳುತ್ತಾರೆ.

“ಅತ್ತೆ, ಇನ್ನೊಂದ್ ಲೋಟ ಕಾಫಿ ಸಿಗುತ್ತಾ?”

ಅತ್ತೆಯ ಚಿಂತೆ ಸಣ್ಣದಲ್ಲ. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ‘ರೇಯ್ಡ್’ ಕುರಿತು ಪ್ರಬಂಧ ಬರೆದಾಗ ಅವರನ್ನು ಕಾಡಿದ್ದೂ ಇದೇ. ಒಂದರಿಂದ ಐದರವರೆಗೆ ಅವರು ಹೇಳಿದ ಮಟ್ಟಗಳೆಲ್ಲ ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ಉಪಾಯಗಳು. ವೇಗವಷ್ಟೇ ಇದ್ದು ರಕ್ಷಣೆ ಇಲ್ಲದ ಸೊನ್ನೆ ಆಮೇಲೆ ಸೇರಿಕೊಂಡದ್ದು. ಭಾವನವರಿಗೆ ಆ ಐದೂ ಬೇಡ, ಸೊನ್ನೆಯೇ ಬೇಕು.

ಹಳೆಯ ಡಿಸ್ಕ್ 320 ಜಿಬಿ, ಹೊಸದಾಗಿ ತಂದದ್ದು 500. ಸ್ಟ್ರೈಪ್ ನಡೆಯುವುದು ಚಿಕ್ಕದರ ಲೆಕ್ಕಕ್ಕೆ, ಹಾಗಾಗಿ ಸಿಕ್ಕಿದ್ದು 640. “ಉಳಿದ 180ಕ್ಕೂ ನಾವೇ ದುಡ್ಡು ಕೊಟ್ಟಿದ್ದಲ್ವೇ?” ಎಂದು ಮಾವನವರು ಮೆಲ್ಲಗೆ ಕೇಳಿದರೆ, ಬಾಮೈದ ಟಾರ್ಚನ್ನು ಬೇರೆ ಕಡೆ ತಿರುಗಿಸುತ್ತಾನೆ.

ಮೊದಲು ವಿಂಡೋಸ್ ಹಾಕಬೇಕು. ಆಮೇಲೆ ಹಾಕಿದರೆ ಅದು ಬೂಟ್ ಮಾಡುವ ಜಾಗವನ್ನು ತನ್ನದೇ ಮಾಡಿಕೊಂಡು, ಲಿನಕ್ಸ್ ಅನ್ನುವುದೊಂದು ಇತ್ತೆಂಬುದನ್ನೇ ಮರೆಸಿಬಿಡುತ್ತದೆ. ಆದರೆ ಪೆನ್‌ಡ್ರೈವಿನಿಂದ ಡ್ರೈವರ್ ಕೊಡುವ ತನಕ ವಿಂಡೋಸ್‌ಗೆ ಒಂದು ಡಿಸ್ಕೂ ಕಾಣದು. ಆಮೇಲೆ ಬಂದ ಲಿನಕ್ಸ್‌ಗೆ ಬೇರೆ ಬೇರೆ ಎರಡು ಕಂಡವು. ಒಂದೇ ಕಂಡದ್ದು ಭಾವನವರಿಗೆ ಮಾತ್ರ. ಬೌದ್ಧರ ಶೂನ್ಯ, ಉಡುಪಿಯ ದ್ವೈತ, ಶೃಂಗೇರಿಯ ಅದ್ವೈತ ಒಂದೇ ಟೇಬಲ್ಲಿನ ಮೇಲೆ ಕೂತು ವಾದಕ್ಕಿಳಿದವು. ಹೋಳಿಗೆ ಆರಿತು. ಅಕ್ಕ ಎರಡು ಸಲ ಬಂದು ನೋಡಿ, ಮಾತಾಡದೆ ಹೋದಳು.

ಅಕ್ಕನಿಗೆ ಗೊತ್ತು. ಮಾವನ ಮನೆಯಲ್ಲಿ ಅಳಿಯನಷ್ಟು ನಿರುದ್ಯೋಗಿ ಇನ್ನೊಬ್ಬನಿಲ್ಲ. ತರಕಾರಿ ಹೆಚ್ಚಲು ಹೋದರೆ “ಛೆ, ನೀವ್ಯಾಕೆ”, ತಟ್ಟೆ ಎತ್ತಲು ಹೋದರೆ “ಬಿಡಿ ಬಿಡಿ”. ಪೇಪರು ಹತ್ತು ಗಂಟೆಗೇ ಮುಗಿದಿರುತ್ತದೆ. ಆ ಮನೆಯಲ್ಲಿ ಅವರು ಮುಟ್ಟಿದರೆ ಯಾರೂ ಬೇಡ ಅನ್ನದ ವಸ್ತು ಕಂಪ್ಯೂಟರ್ ಒಂದೇ. ಅದು ಬೇಗ ಸರಿಹೋದರೆ ಸಂಜೆಯವರೆಗೆ ಮಾಡುವುದೇನು?

ಕೊನೆಗೊಮ್ಮೆ ಎಲ್ಲ ಕೂತಿತು. ಗುಂಡಿ ಒತ್ತಿದರೆ ಮೆನು: ಲಿನಕ್ಸೋ, ವಿಂಡೋಸೋ? ಹತ್ತು ಸೆಕೆಂಡಿನಲ್ಲಿ ಆರಿಸಬೇಕು. ಮಾವನವರು ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಲಿನಕ್ಸ್ ಬಂದು ಕೂತಿರುತ್ತದೆ. ಸ್ಟ್ರೈಪಿನಿಂದ ಉಳಿದ ಸೆಕೆಂಡುಗಳನ್ನೆಲ್ಲ ಮೆನು ನುಂಗಿತು.

ಗಡಿಯಾರದ್ದು ಬೇರೆಯೇ ಕಥೆ. ಯಂತ್ರದೊಳಗಿನ ಗಡಿಯಾರ ಗ್ರೀನಿಚ್‌ನದೆಂದು ಲಿನಕ್ಸ್ ಭಾವಿಸುತ್ತದೆ, ಊರಿನದೆಂದು ವಿಂಡೋಸ್. ಲಿನಕ್ಸ್‌ನಿಂದ ಎದ್ದು ವಿಂಡೋಸ್‌ಗೆ ಬಂದರೆ ಐದೂವರೆ ಗಂಟೆ ಹಿಂದೆ. ಸೋಮವಾರ ಮಧ್ಯಾಹ್ನ ಎರಡಕ್ಕೆ ಬ್ಯಾಂಕಿಗೆ ಹೊರಟ ಮಾವನವರು ಪರದೆ ನೋಡಿದರೆ ಬೆಳಿಗ್ಗೆ ಎಂಟೂವರೆ! ಮುಗಿದುಹೋದ ರಾಹುಕಾಲ ಅದೇ ದಿನ ಮರಳಿ ಬಂದದ್ದು ಯಾವ ಪಂಚಾಂಗದಲ್ಲೂ ಇರಲಾರದು.

ಹೀಗಿರುತ್ತ 320ರ ಹಳೆಯ ಡಿಸ್ಕ್ ಒಂದು ದಿನ ಕಟಕಟ ಎಂದು ಸುಮ್ಮನಾಯಿತು. ಜೊತೆಗೆ ಹೊಸದರಲ್ಲಿದ್ದದ್ದೂ ಹೋಯಿತು. ಬರೀ ಸಮ ಪುಟ ಓದಿ ಯಾರಿಗೆ ಏನು ತಿಳಿದೀತು? ಭಾವನವರಿಗೆ ಫೋನ್ ಹೋಯಿತು.

“ಗಾಬರಿ ಬೇಡಿ ಮಾವ, ಬ್ಯಾಕಪ್ ಇಟ್ಟಿದ್ದೀನಿ.”

“ಎಲ್ಲಿ?”

“ಡಿ ಡ್ರೈವ್‌ನಲ್ಲಿ.”

ಡಿ ಡ್ರೈವ್ ಇದ್ದದ್ದೂ ಅದೇ ಸ್ಟ್ರೈಪಿನ ಮೇಲೆ.

ಮುಂದಿನ ಹಬ್ಬಕ್ಕೆ ಭಾವ ನಾಲ್ಕು ಡಿಸ್ಕಿನ ಯೋಜನೆಯೊಡನೆ ಬಂದರು. ಮಾವನವರು ಪೂರ್ತಿ ಕೇಳಿಸಿಕೊಂಡರು. “ಆಗಲಿ, ಮಾಡಿ. ಫೋಟೊಗಳು ಮಗಳ ಫೋನಿನಲ್ಲಿದ್ದವು. ಅವನ್ನು ಮಾತ್ರ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಆಲ್ಬಮ್ಮಿಗೆ ಅಂಟಿಸಿಬಿಡ್ತೀನಿ.”

ಭಾವನವರ ಮುಖ ಅರಳಿತು. “ಎರಡು ಸೆಟ್ ಹಾಕಿಸಿ ಮಾವ. ಒಂದು ನಿಮ್ಮಲ್ಲಿರಲಿ, ಒಂದು ನಮ್ಮಲ್ಲಿ. ಅದನ್ನೇ ನೋಡಿ ರೇಯ್ಡ್ ಒಂದು ಅನ್ನೋದು!”